ಒಂದೇ ಹೆಸರಿನವರು

ಮಾರ್ಚ್ 5, ಸೋಮವಾರ

ಜೊತೆಗೆ ಪಾಠ ಮಾಡುತ್ತಿದ್ದ ಪಾಕ್ ಸೊಲೇಹ್ ಬ್ಯಾಂಕಿನಲ್ಲಿ ಕೆಲಸ ಹಿಡಿದು ಹೋಗಿಬಿಟ್ಟರು. ಇಂದಿನಿಂದ ಕಾಲೇಜಿನ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬಿಗೆ ನಾನೊಬ್ಬಳೇ. ಎಂಬತ್ತನಾಲ್ಕು ಮಕ್ಕಳು, ಎರಡು ತಂಡ, ಒಂದು ಗಂಟಲು. ಬದಲಿಗೆ ಯಾರು ಬರುತ್ತಾರೆ ಎಂದು ವಿಭಾಗದ ಮುಖ್ಯಸ್ಥ ಪಾಕ್ ಹೆಂದಾರ್ತೊ ಅವರನ್ನು ಕೇಳಿದೆ. "ಸ್ವಲ್ಪ ತಾಳಿ, ಬು ರುಸ್ಮಿನಿ" ಎಂದರು. ನಮ್ಮಲ್ಲಿ ಹಿರಿಯ ಗಂಡಸರೆಲ್ಲ ಪಾಕ್, ಹೆಂಗಸರೆಲ್ಲ ಬು; ತಾಳುವ ಸರದಿ ಮಾತ್ರ ಬುಗಳದ್ದು. ಹತ್ತೊಂಬತ್ತು ವರ್ಷದಿಂದ ತಾಳುತ್ತಿದ್ದೇನೆ. ತಾಳಿದವರು ಬಾಳುವುದು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ನಾನು ಅರಮನೆಯಲ್ಲಿರಬೇಕಿತ್ತು. ಇರುವುದು ಸೆಮಾರಾಂಗಿನ ಉತ್ತರದ ತುದಿಯಲ್ಲಿ, ಗೋಡೆ ಒದ್ದೆಯಾದ ಮನೆಯಲ್ಲಿ. ಜೊತೆಗಿರುವುದು ರಕ್ತದೊತ್ತಡದ ಮಾತ್ರೆ.

ಇಂದು ಮೊದಲ ವರ್ಷದವರಿಗೆ ಪಾಯಿಂಟರ್ ಶುರುಮಾಡಿದೆ. ಪ್ರತಿ ವರ್ಷದ ಮಾತನ್ನೇ ಹೇಳಿದೆ: ಕಂಪ್ಯೂಟರಿನ ಮೆಮೊರಿ ಎಂದರೆ ನೀವಿರುವಂಥ ಬಾಡಿಗೆ ಕೋಣೆಗಳ ಸಾಲು. ಪಾಯಿಂಟರ್ ಎಂದರೆ ಕೋಣೆಯ ನಂಬರ್ ಬರೆದ ಚೀಟಿ, ಕೋಣೆಯಲ್ಲ. ಬೇಕಾದಾಗ ಕೋಣೆ ಕೇಳಿ ಪಡೆಯಬೇಕು, ಮುಗಿದ ಮೇಲೆ ಕೀಲಿ ವಾಪಸ್ ಕೊಡಬೇಕು, ಅದೂ ಒಂದೇ ಸಲ. "ಅರ್ಥವಾಯಿತಾ?" ಎಂದರೆ ನಲವತ್ತೆರಡು ತಲೆಗಳೂ ಆಡಿದವು. ಜಾವಾ ದ್ವೀಪದ ಮಕ್ಕಳ ತಲೆ ಆಡುವುದಕ್ಕೂ ಅರ್ಥವಾಗುವುದಕ್ಕೂ ಸಂಬಂಧವಿಲ್ಲ.

ಮಾರ್ಚ್ 8, ಗುರುವಾರ

ಈ ಸಲದ ದೊಡ್ಡ ಕೆಲಸ: ಆರೋಗ್ಯ ಕೇಂದ್ರದಲ್ಲಿ ಸರದಿ ಕಾಯುವ ರೋಗಿಗಳ ಪಟ್ಟಿ. ಬಂದವರನ್ನು ಸೇರಿಸಬೇಕು, ಹೋದವರನ್ನು ತೆಗೆಯಬೇಕು, ಅವರು ಹಿಡಿದಿದ್ದ ಜಾಗ ಬಿಡಬೇಕು. ಹೆಸರನ್ನು ಎರಡು ತುಂಡು ಮಾಡಿ ಇಡುವ ಮಾದರಿ ಕೋಡ್ ಯಾವುದೋ ಪರದೇಶದ ಪುಸ್ತಕದ್ದು.

ಮುಂದಿನ ಸಾಲಿನ ತೆಗಾರ್ ವಿಬಿಸೊನೊ ಕೈ ಎತ್ತಿದ.

"ಬು, ನನ್ನ ಪ್ರೋಗ್ರಾಂ ಸತ್ತೋಯ್ತು."

"ಯಾವಾಗ ಸತ್ತಿದ್ದು?"

"ನಮ್ಮಜ್ಜಿ ಹೆಸರು ಹಾಕಿದ ಕೂಡ್ಲೆ."

"ಅಜ್ಜಿ ಹೆಸರೇನು?"

"ಸಾರಿಯೆಮ್."

"ಆಮೇಲೆ?"

"ಆಮೇಲೆ ಏನೂ ಇಲ್ಲ ಬು. ಬರೀ ಸಾರಿಯೆಮ್."

ಇದ್ದದ್ದು ಅದೇ. ಪುಸ್ತಕ ಬರೆದವನಿಗೆ ಲೋಕದಲ್ಲಿ ಒಂದೇ ಹೆಸರಿನವರೂ ಇದ್ದಾರೆಂದು ಗೊತ್ತಿಲ್ಲ. ಎರಡನೇ ಹೆಸರು ಹುಡುಕುತ್ತಾ ಹೋದ ಚೀಟಿ ಖಾಲಿಯಾಗಿ ಬಂತು, ಪ್ರೋಗ್ರಾಂ ಬಿತ್ತು. ನನಗೆ ಇದು ಹೊಸದಲ್ಲ. ತರಬೇತಿಗೆಂದು ಸಿಂಗಾಪುರಕ್ಕೆ ಹೋದಾಗ ಟಿಕೆಟ್ ಮಾಡಿದವನು "ಕುಟುಂಬದ ಹೆಸರು ಖಾಲಿ ಬಿಡೋ ಹಾಗಿಲ್ಲ" ಎಂದು ರುಸ್ಮಿನಿ ರುಸ್ಮಿನಿ ಎಂದು ಬರೆದಿದ್ದ. "ಏಳು" ಎಂದು ತೆಗಾರನ ಕುರ್ಚಿಯಲ್ಲಿ ಕೂತು ಅದನ್ನೇ ಮಾಡಿದೆ. ಎರಡನೇ ಹೆಸರು ಇಲ್ಲದಿದ್ದರೆ ಎರಡನೇ ಚೀಟಿಯೂ ಮೊದಲನೇ ಕೋಣೆಯನ್ನೇ ತೋರಿಸಲಿ. ಆರು ಸಾಲು, ಎರಡು ನಿಮಿಷ. ಪರದೆಯ ಮೇಲೆ ಸಾರಿಯೆಮ್ ಸಾರಿಯೆಮ್ ಎಂದು ಬಂತು. ಹುಡುಗ ಚಪ್ಪಾಳೆ ತಟ್ಟಿದ.

ಇಂದು ನಲವತ್ತೆರಡು ಜನರ ಕೆಲಸವನ್ನೂ ನೋಡಿ ಮುಗಿಸಿದೆ. ಪಾಕ್ ಸೊಲೇಹ್ ಇದ್ದಾಗಲೂ ಆಗುತ್ತಿರಲಿಲ್ಲ.

ಮಾರ್ಚ್ 19, ಸೋಮವಾರ

ಸಮುದ್ರ ಮತ್ತೆ ಬೀದಿಗೆ ಬಂದಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನವರೆಗೆ ನಡೆದೆ. ಲ್ಯಾಬಿನಲ್ಲಿ ಅರ್ಧಕ್ಕರ್ಧ ಮಕ್ಕಳು ತಡ.

ಹಿಂದಿನ ಸಾಲಿನಲ್ಲಿ ಒಬ್ಬಳಿದ್ದಾಳೆ. ಪೂರ್ವಕ್ಕೆ, ಕಡಲ ನೀರು ನುಗ್ಗುವ ಸಾಯುಂಗ್ ಕಡೆಯವಳಿರಬೇಕು, ಪ್ಯಾಂಟಿನ ಅಂಚಿನಲ್ಲಿ ಯಾವಾಗಲೂ ಉಪ್ಪಿನ ಬಿಳಿ ಗೆರೆ. ಎರಡು ಗಂಟೆಯಿಂದ ಒಂದೇ ಪರದೆಯನ್ನು ನೋಡುತ್ತಾ ಕೂತಿದ್ದಳು. "ಏನಾಯ್ತು?" ಎಂದರೆ ತುಟಿ ಬಿಚ್ಚಲಿಲ್ಲ. ಕಾಗದದ ಮೇಲೆ ಚೌಕ ಚೌಕ ಬರೆದು ಬಾಣ ಎಳೆದಿದ್ದಳು. ಚಿತ್ರ ಬಿಡಿಸುವ ತರಗತಿ ಕೆಳಗಿನ ಮಹಡಿಯಲ್ಲಿ ಮಗೂ ಎಂದೆ. ಅಕ್ಕಪಕ್ಕದವರು ನಕ್ಕರು. ನೋಡಿದರೆ ಅದೇ ರೋಗ. ಅದೇ ಮದ್ದು ಹಾಕಿ ಎದ್ದೆ. "ತಿಳೀತಾ?" "ಹ್ಞೂಂ ಬು." ಮೂಕಬಸವಿ. ಹೆಸರು ಕೇಳಲೂ ಪುರುಸೊತ್ತಿರಲಿಲ್ಲ.

ಇಂದು ಮುಗಿಸಿದ್ದು ನಲವತ್ತು ಜನ.

ಏಪ್ರಿಲ್ 12, ಗುರುವಾರ

ಮೌಲ್ಯಮಾಪನ. ಬೆಳಗಿನಿಂದ ಅರುವತ್ತು ಪ್ರೋಗ್ರಾಂ ಓಡಿಸಿದೆ. ಒಬ್ಬನ ಪಟ್ಟಿಯಲ್ಲಿ ರೋಗಿಗಳು ತಿರುಗಿ ತಿರುಗಿ ಮೊದಲನೆಯವನ ಹತ್ತಿರವೇ ಬರುತ್ತಾರೆ, ಯಾರಿಗೂ ವೈದ್ಯರ ಮುಖ ಕಾಣುವ ಭಾಗ್ಯವಿಲ್ಲ. ಇನ್ನೊಬ್ಬಳು ಯಂತ್ರವೇ ಸರಿಯಿಲ್ಲ ಎಂದು ಬರೆದುಕೊಟ್ಟಿದ್ದಾಳೆ. ಕುಣಿಯಲಾರದವಳಿಗೆ ನೆಲ ಡೊಂಕು.

ಆದರೆ ಒಂದು ಕಳ್ಳತನ ಹಿಡಿದೆ. ತೆಗಾರ್ ವಿಬಿಸೊನೊ ಮತ್ತು ಕಿನಂತಿ ಎಂಬವಳ ಪ್ರೋಗ್ರಾಮುಗಳು ಒಂದೇ ಜಾಗದಲ್ಲಿ ಸಾಯುತ್ತವೆ. ಒಂದೇ ಹೆಸರಿನ ರೋಗಿಯನ್ನು ಪಟ್ಟಿಯಿಂದ ತೆಗೆದಾಗ ಒಂದೇ ಕೋಣೆಯ ಕೀಲಿಯನ್ನು ಎರಡು ಸಲ ವಾಪಸ್ ಕೊಡುತ್ತಾರೆ. ಎರಡು ಚೀಟಿ, ಒಂದೇ ನಂಬರು, ಎರಡಕ್ಕೂ ಬಿಡುಗಡೆ. ಅದಕ್ಕೆ ಕಾರಣವಾದ ಆರು ಸಾಲು ಇಬ್ಬರದ್ದೂ ಅಕ್ಷರಕ್ಕಕ್ಷರ ಒಂದೇ. ಇಬ್ಬರು ಒಂದೇ ಥರ ಸರಿ ಬರೆಯಬಹುದು. ಇಬ್ಬರು ಒಂದೇ ಥರ ತಪ್ಪಬೇಕಾದರೆ ಒಬ್ಬರು ಇನ್ನೊಬ್ಬರದ್ದನ್ನು ಕದ್ದಿರಲೇಬೇಕು. ಹುಡುಗ ಮೊದಲು ಒಪ್ಪಿಸಿದ್ದಾನೆ, ಅವಳು ಒಂಬತ್ತು ದಿನ ತಡ.

ಫೋಟೊ ಇರುವ ಹಾಜರಿ ಪಟ್ಟಿ ತೆಗೆದು ನೋಡಿದೆ. ಕಿನಂತಿ ಎಂದರೆ ಆ ಹಿಂದಿನ ಸಾಲಿನ ಉಪ್ಪಿನ ಗೆರೆಯವಳು. ಅನುಮಾನವೇ ಉಳಿಯಲಿಲ್ಲ. ದೂರು ಬರೆದು ಪಾಕ್ ಹೆಂದಾರ್ತೊ ಅವರ ಮೇಜಿನ ಮೇಲಿಟ್ಟೆ. ಬಹಳ ದಿನದ ಮೇಲೆ ಊಟ ರುಚಿಸಿತು.

ಏಪ್ರಿಲ್ 20, ಶುಕ್ರವಾರ

ವಿಚಾರಣೆ. ಪಾಕ್ ಹೆಂದಾರ್ತೊ, ಕಚೇರಿಯ ಗುಮಾಸ್ತೆ, ನಾನು ಒಂದು ಕಡೆ, ಅವರಿಬ್ಬರು ಒಂದು ಕಡೆ.

ಪಾಕ್ ಹೆಂದಾರ್ತೊ ಕಾಗದ ಮುಂದಿಟ್ಟು ಕೇಳಿದರು: "ತೆಗಾರ್, ಈ ಆರು ಸಾಲು ಯಾರು ಬರೆದಿದ್ದಪ್ಪಾ?"

"ನಾನೇ ಪಾಕ್." ತಡವರಿಸಲಿಲ್ಲ.

"ನೀನಮ್ಮಾ?"

ಕಿನಂತಿ ಕಾಗದವನ್ನು ಹತ್ತಿರಕ್ಕೆ ಎಳೆದು ಓದಿದಳು. ಆಮೇಲೆ, "ಉಳಿದಿದ್ದೆಲ್ಲಾ ನಂದು ಪಾಕ್. ಆ ಆರು ಸಾಲು ನಾನು ಬರೆದಿದ್ದಲ್ಲ" ಎಂದಳು.

"ಮತ್ಯಾರು ಬರೆದಿದ್ದು?"

ಅವಳು ಬೆರಳಿನಿಂದ ಮೇಜಿನ ಅಂಚು ಉಜ್ಜಿದಳು.

"ಇವನತ್ರ ತಗೊಂಡ್ಯಾ?"

"ಇಲ್ಲ ಪಾಕ್."

"ಹಾಗಾದ್ರೆ ಆಕಾಶದಿಂದ ಉದುರಿತಾ?" ಎಂದು ನಾನೇ ಕೇಳಿದೆ. ಅವಳು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಕದ್ದವರ ಕಣ್ಣು ಹಾಗೆಯೇ, ನಿಲ್ಲುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ.

ಅವಳಿಗೆ ಸೊನ್ನೆ. ಹುಡುಗನಿಗೆ ಎಚ್ಚರಿಕೆ. ಸೊನ್ನೆ ಬಂದರೆ ಸರ್ಕಾರದ ವಿದ್ಯಾರ್ಥಿವೇತನ ನಿಲ್ಲುತ್ತದೆ, ಅದು ನಿಂತರೆ ಅವಳು ಓದುವ ಹಾಗಿಲ್ಲ ಎಂದು ಗುಮಾಸ್ತೆ ಹೇಳಿದಳು. ಕದಿಯುವ ಮುಂಚೆ ಅದು ನೆನಪಿರಬೇಕಿತ್ತು ಎಂದೆ.

ಹೊರಡುವಾಗ ಅವಳು, ಗುರುಗಳಿಗೆ ಮಕ್ಕಳು ಮಾಡುವ ಹಾಗೆಯೇ, ಬಗ್ಗಿ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು.

ಮೇ 3, ಗುರುವಾರ

ಹಿಂದಿನ ಸಾಲಿನ ಕುರ್ಚಿ ಖಾಲಿ. ನಲವತ್ತೊಂದು ಜನರದ್ದೂ ನೋಡಿದೆ. ಬೆನ್ನು ನೋವು.

ಮೇ 21, ಸೋಮವಾರ

ರಂಜಾನ್ ಉಪವಾಸದ ಐದನೇ ದಿನ. ಬರೆಯಲು ಕೂತು ಅರ್ಧ ಗಂಟೆಯಾಯಿತು.

ಅನುತ್ತೀರ್ಣರಿಗೆ ಇಂದು ಮರುಪಾಠವಿತ್ತು. ವುಲನ್ ಎಂಬ ಹುಡುಗಿ, ಬಾಯಿ ಮುಚ್ಚದ ಮಾತುಗಾತಿ, ತನ್ನ ಪಟ್ಟಿಯನ್ನು ಓಡಿಸುತ್ತಿದ್ದಳು.

"ರೋಗಿ ಹೆಸರು ಏನು ಹಾಕ್ಲಿ ಬು? ನಿಮ್ಮದೇ ಹಾಕ್ತೀನಿ, ಬೇಜಾರಿಲ್ಲ ತಾನೆ? ರುಸ್ಮಿನಿ."

ಪ್ರೋಗ್ರಾಂ ಬಿತ್ತು.

"ಅಯ್ಯೋ, ನಿಮ್ಮನ್ನ ಕೊಂದೇಬಿಟ್ಟೆ ಬು!"

ಎಲ್ಲರೂ ನಕ್ಕರು, ನಾನೂ ನಕ್ಕೆ. "ಏಳು" ಎಂದು ಕೂತೆ. ಆರು ಸಾಲು ಬಡಿದೆ. ಪರದೆಯ ಮೇಲೆ ರುಸ್ಮಿನಿ ರುಸ್ಮಿನಿ ಎಂದು ಬಂತು. ಎದ್ದು ಮುಂದಿನವರ ಕಡೆ ಹೊರಟವಳನ್ನು ವುಲನ್ ಕರೆದಳು.

"ಬು, ನಿಮ್ಮನ್ನ ಪಟ್ಟಿಯಿಂದ ತೆಗೆದ್ರೆ ಮತ್ತೆ ಸಾಯ್ತಿದೆ."

ತಿರುಗಿ ನೋಡಿದೆ. ಒಂದೇ ಕೋಣೆ, ಕೀಲಿ ಎರಡು ಸಲ. ನನ್ನ ಬೆರಳು ಇನ್ನೂ ಬೆಚ್ಚಗಿದ್ದ ಆರು ಸಾಲುಗಳ ಮೇಲೆ ಹೋಯಿತು. ಇವನ್ನು ನಾನು ಓದಿದ್ದೆ. ವಿಚಾರಣೆಯ ಕಾಗದದಲ್ಲಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಓದಿದ್ದೆ.

ಮನೆಗೆ ಬಂದು ಈ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದೆ. ಮಾರ್ಚ್ ಎಂಟು. ಮಾರ್ಚ್ ಹತ್ತೊಂಬತ್ತು. ನನ್ನದೇ ಅಕ್ಷರ. "ಅದೇ ರೋಗ, ಅದೇ ಮದ್ದು." ಸಾಕ್ಷಿಯನ್ನು ನಾನೇ ಬರೆದು, ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯಿತು, ಆಮೇಲೆ ಹೊಲವನ್ನೇ ಕಳ್ಳಿ ಎಂದಿತು. ಆ ಹುಡುಗಿ ಕದ್ದಿರಲಿಲ್ಲ, ಸುಳ್ಳು ಹೇಳಿರಲೂ ಇಲ್ಲ. ನಾನು ಬರೆದದ್ದಲ್ಲ ಎಂದಳು, ಅಷ್ಟೇ. ಯಾರು ಬರೆದರು ಎಂದು ಕೇಳಿದಾಗ ಉತ್ತರ ಅವಳೆದುರೇ ಕೂತಿತ್ತು. ಅವಳು ನನ್ನ ಮುಖ ನೋಡಿದ್ದು ಅದಕ್ಕೆ. ನಾನು ಹೇಳಲಿ ಎಂದು ಕಾದಳು. ನನಗೆ ನಾಚಿಕೆಯಾಗುತ್ತಿದೆ. ಐವತ್ತೊಂದು ವರ್ಷದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಸಂಜೆ ಒಂದೇ ಖರ್ಜೂರದಲ್ಲಿ ಉಪವಾಸ ಬಿಟ್ಟೆ. ಈ ಪುಸ್ತಕವನ್ನು ನಾಳೆ ಜೊತೆಗೆ ತೆಗೆದುಕೊಂಡು ಹೋಗಬೇಕು.

ಮೇ 22, ಮಂಗಳವಾರ

ಮೊದಲು ತೆಗಾರನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದೆ.

"ನಾನು ಬರೆದುಕೊಟ್ಟಿದ್ದನ್ನ ನೀನೇ ಬರೆದೆ ಅಂದ್ಯಲ್ಲೋ?"

ಹುಡುಗ ನೆಲ ನೋಡಿದ. "ನಿಮ್ಮೆದುರೇ, ಅವರೆಲ್ಲಾ ಕೂತಿರುವಾಗ, ನೀವು ಬರೆದಿದ್ದು ಅಂತ ಹೇಗೆ ಹೇಳೋದು ಬು? ನಿಮ್ಮ ಮಾನ ಹೋಗ್ತಿತ್ತು."

"ನನ್ನ ಮಾನವಾ, ನಿನ್ನ ಅಂಕವಾ?"

"ಎರಡೂ ಬು" ಎಂದ. ಅಷ್ಟು ಪ್ರಾಮಾಣಿಕತೆ ಅವನಲ್ಲಿದೆ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುತ್ತಾರೆ. ಇಲ್ಲಿ ಬಸಿರು ನನ್ನದು, ಹೆತ್ತವಳು ಅವಳು.

ಆಮೇಲೆ ಪಾಕ್ ಹೆಂದಾರ್ತೊ ಅವರ ಕೋಣೆ. ದಿನಚರಿಯನ್ನೇ ತೆಗೆದುಕೊಂಡು ಹೋಗಿದ್ದೆ. ಎರಡು ಪುಟ ಓದಿ ಮುಚ್ಚಿದರು.

"ಇದನ್ನ ಬ್ಯಾಗಲ್ಲಿ ಇಟ್ಕೊಳಿ ಬು. ಮುಂದಿನ ತಿಂಗಳು ಮಾನ್ಯತೆ ಸಮಿತಿ ಬರತ್ತೆ."

"ಹುಡುಗಿ ತಪ್ಪು ಮಾಡಿಲ್ಲ ಪಾಕ್."

"ಸರಿ. ನೀವು ಬರೆದುಕೊಟ್ಟಿದ್ದು ಇಬ್ಬರಿಗೇನಾ? ಎಂಬತ್ತನಾಲ್ಕು ಜನರಲ್ಲಿ ಇನ್ನೆಷ್ಟು ಜನರ ಕೋಡಲ್ಲಿ ನಿಮ್ಮ ಕೈ ಇದೆ?"

ನನಗೆ ಗೊತ್ತಿರಲಿಲ್ಲ. ನಾನು ಬರೆದಿಟ್ಟದ್ದು ದಿನಕ್ಕೆ ಎಷ್ಟು ಜನರನ್ನು ಮುಗಿಸಿದೆ ಎಂಬುದನ್ನು ಮಾತ್ರ.

"ಹಾಗಾದ್ರೆ ಎಲ್ಲರ ಅಂಕವೂ ರದ್ದಾಗಬೇಕಾ? ನಿಮ್ಮ ಕೆಲಸ? ಒಬ್ಬಳಿಗೋಸ್ಕರ?"

ಅತ್ತ ದರಿ, ಇತ್ತ ಪುಲಿ. ಎದ್ದು ಬಂದೆ. ಕಿನಂತಿಯ ಫೋನಿಗೆ ಕರೆ ಮಾಡಿದೆ, ನಂಬರ್ ಚಾಲ್ತಿಯಲ್ಲಿಲ್ಲ.

ಮೇ 24, ಗುರುವಾರ

ಸ್ಟಾಂಪ್ ಅಂಟಿಸಿದ ಕಾಗದದ ಮೇಲೆ ಹೇಳಿಕೆ ಬರೆದೆ. ಆರು ಸಾಲು ನನ್ನದು, ತಪ್ಪು ನನ್ನದು, ದೂರು ಸುಳ್ಳು. ಪಾಕ್ ಹೆಂದಾರ್ತೊ ಅವರಿಗೆ ಕೊಡದೆ ನೇರ ನಿರ್ದೇಶಕರ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಪಾಕ್ ಹೆಂದಾರ್ತೊ ಹಜಾರದಲ್ಲಿ ಎದುರಾದರು, ಬೇರೆ ಮೆಟ್ಟಿಲಿನ ಕಡೆ ತಿರುಗಿದರು.

ಲ್ಯಾಬಿನಲ್ಲಿ ಹದಿನೇಳು ಜನ.

ಮೇ 31, ಗುರುವಾರ

ಇಂದು ಬರೀ ಒಂಬತ್ತು ಜನ. ವುಲನ್ ಒಬ್ಬಳಿಗೇ ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿ ಕೋಣೆಗೂ ಒಂದು ಚೌಕ, ಪ್ರತಿ ಚೀಟಿಗೂ ಒಂದು ಬಾಣ, ಎಲ್ಲವನ್ನೂ ಕಾಗದದ ಮೇಲೆ ಅವಳ ಕೈಯಲ್ಲೇ ಬರೆಸಿದೆ. "ನೀವೇ ಹೇಳಿಬಿಡಿ ಬು, ಹೊಟ್ಟೆ ಹಸೀತಿದೆ" ಎಂದು ಮೂರು ಸಲ ಗೋಗರೆದಳು. ನಾಲ್ಕನೇ ಸಲ ತಾನೇ "ಓ" ಎಂದಳು. ಉಳಿದವರು ತಪ್ಪಿನ ಸಮೇತ ಮನೆಗೆ ಹೋದರು. ವಯಸ್ಸಾಯಿತು, ನನಗೆ ಮೊದಲಿನ ವೇಗವಿಲ್ಲ.

ಜೂನ್ 3, ಭಾನುವಾರ

ಕಿನಂತಿಯ ಮನೆ ಹುಡುಕಿಕೊಂಡು ಸಾಯುಂಗಿಗೆ ಹೋಗಬೇಕೆಂದಿದ್ದೆ. ನೀರು ಏರಿದೆ ಎಂದರು. ಹೋಗಲಿಲ್ಲ.

ಜೂನ್ 9, ಶನಿವಾರ

ನೀರು ಇಳಿದಿತ್ತು. ಆದರೂ ಹೋಗಲಿಲ್ಲ. ಹೆದರಿಕೆ.

ಜೂನ್ 17, ಭಾನುವಾರ

ರಂಜಾನ್ ಹಬ್ಬದ ಮೂರನೇ ದಿನ. ಕೊನೆಗೂ ಹೋದೆ.

ಕಡಲ ನೀರಿಗೆ ಹೆದರಿ ಅವರ ಮನೆಯ ನೆಲವನ್ನು ಮೂರು ಸಲ ಮಣ್ಣು ತುಂಬಿ ಏರಿಸಿದ್ದಾರೆ. ಬಾಗಿಲು ನನ್ನ ಎದೆಯಷ್ಟೇ ಎತ್ತರ ಉಳಿದಿದೆ. ಬಗ್ಗಿಯೇ ಒಳಗೆ ಹೋಗಬೇಕು. ಕಿನಂತಿಯ ತಾಯಿ ಬು ಮುಂತಮಾ ನನ್ನನ್ನು ಕಂಡು ಕೈಯಲ್ಲಿದ್ದ ತಟ್ಟೆ ಇಟ್ಟು ಓಡಿಬಂದರು. "ಮಗಳ ಗುರುಗಳು ಬಂದಿದಾರೆ, ಚಾಪೆ ಹಾಸ್ರೋ!" ಚಹಾ ಬಂತು, ಅಕ್ಕಿಕಡುಬು ಬಂತು, ಕೋಳಿಸಾರು ಬಂತು.

"ಕಿನಂತಿ ಎಲ್ಲಿ?"

"ಬಾತಾಮ್ ದ್ವೀಪಕ್ಕೆ ಹೋದ್ಲು ಬು, ಉಪವಾಸ ಶುರುವಾಗೋ ಮುಂಚೇನೇ. ಕಾರ್ಖಾನೆ ಕೆಲಸ. ಎರಡು ವರ್ಷ ಬಿಡೋ ಹಾಗಿಲ್ವಂತೆ. ಹಬ್ಬಕ್ಕೂ ಬರಲಿಲ್ಲ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ಬು, ನನ್ನ ತಪ್ಪನ್ನ ಕ್ಷಮಿಸಬೇಕು."

ಅವರು ತಕ್ಷಣ ಎರಡೂ ಕೈ ಜೋಡಿಸಿದರು. "ನಂದೂ ಕ್ಷಮಿಸಿ ಬು, ತಿಳಿದೋ ತಿಳೀದೆಯೋ ಮಾಡಿದ್ದೆಲ್ಲಾ."

ಹಬ್ಬದ ಮೂರನೇ ದಿನ ಅದನ್ನು ಹೇಳಬಾರದಿತ್ತು. ಹಬ್ಬಕ್ಕೆ ಎಲ್ಲರೂ ಎಲ್ಲರ ಕ್ಷಮೆ ಕೇಳುವುದು ಪದ್ಧತಿ; ಈ ವಾರ ಮೀನು ಮಾರುವವನೂ ಬಸ್ಸಿನ ಕಂಡಕ್ಟರನೂ ಅದೇ ಮಾತನ್ನು ಅದೇ ರೀತಿ ಹೇಳುತ್ತಾರೆ.

"ಅಲ್ಲ ಬು, ಹಬ್ಬದ ಮಾತಲ್ಲ. ನಿಜವಾಗಿ ತಪ್ಪು ಮಾಡಿದೀನಿ. ನಿಮ್ಮ ಮಗಳು ಕದ್ದಿಲ್ಲ. ಆ ಸಾಲು ಬರೆದಿದ್ದು ನಾನು. ಮರೆತು ಅವಳ ಮೇಲೆ ಹಾಕಿದೆ."

ಅವರು ನನ್ನ ಕೈ ಹಿಡಿದು ಸವರಿದರು. ಕಣ್ಣಲ್ಲಿ ನೀರು. "ಅವಳ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋತೀರಲ್ಲಾ ಬು. ಅವಳೇ ಹೇಳಿದ್ಲು, ನಂದೇ ತಪ್ಪು ಅಮ್ಮಾ, ಬು ಒಳ್ಳೆಯವರು ಅಂತ. ಹೊಟ್ಟೇಲಿ ಹಾಕ್ಕೊಳಿ. ಬಡವರ ಮಕ್ಕಳು, ಎಲ್ಲೋ ಎಡವಿದ್ಲು."

ಮೂರು ಸಲ ಹೇಳಿದೆ. ಮೂರು ಸಲವೂ ನಾನು ಇನ್ನಷ್ಟು ಒಳ್ಳೆಯವಳಾದೆ. ಕೊನೆಗೆ ಸುಮ್ಮನಾಗಿ ಅವರು ಬಡಿಸಿದ್ದನ್ನು ತಿಂದೆ. ಹೊರಡುವಾಗ ಮಗಳ ಹೊಸ ನಂಬರ್ ಕೊಟ್ಟು, ಒಣಮೀನಿನ ಪೊಟ್ಟಣ ಕಟ್ಟಿಕೊಟ್ಟರು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಅತ್ತೆ.

ಜೂನ್ 26, ಮಂಗಳವಾರ

ನಿರ್ದೇಶಕರ ಪತ್ರ ಬಂತು. ಕಿನಂತಿಯ ಸೊನ್ನೆ ರದ್ದು, ಸೆಪ್ಟೆಂಬರಿನಲ್ಲಿ ಬಂದು ಸೇರಬಹುದು; ವಿದ್ಯಾರ್ಥಿವೇತನದ ಜಾಗ ಮಾತ್ರ ಈಗಾಗಲೇ ಬೇರೆಯವರಿಗೆ ಹೋಗಿದೆ. ಮುಂದಿನ ಅವಧಿಗೆ ನನ್ನನ್ನು ಲ್ಯಾಬಿನಿಂದ ಉಗ್ರಾಣಕ್ಕೆ ಹಾಕಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಕಿನಂತಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಕ್ಷಮಿಸು ಎಂಬ ಪದ ಬಳಸಲಿಲ್ಲ, ಅದರ ಮೇಲೆ ನಂಬಿಕೆ ಹೋಗಿದೆ. ಆರು ಸಾಲು ನನ್ನದು, ನಾನು ಹೇಳಬೇಕಿತ್ತು, ಹೇಳಲಿಲ್ಲ ಎಂದು ಬರೆದೆ.

ಜೂನ್ 28, ಗುರುವಾರ

ಮಧ್ಯಾಹ್ನ ಕಿನಂತಿಯ ಉತ್ತರ ಬಂತು. ಪಾಳಿ ಮುಗಿಸಿ ಬರೆದಿದ್ದಾಳೆ. ನಾಲ್ಕು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಇಷ್ಟಾಗುವುದಿಲ್ಲ.

"ಬು, ಚೆನ್ನಾಗಿದೀನಿ. ಸೆಪ್ಟೆಂಬರಿಗೆ ಬರಕ್ಕಾಗಲ್ಲ, ಎರಡು ವರ್ಷಕ್ಕೆ ಸಹಿ ಹಾಕಿದೀನಿ. ನೀವು ಮನಸ್ಸಿಗೆ ಹಚ್ಕೋಬೇಡಿ. ಆ ಪ್ರೋಗ್ರಾಂ ಸಾಯ್ತಿದ್ದದ್ದು ಎರಡು ಚೀಟಿ ಒಂದೇ ಕೋಣೆ ತೋರಿಸೋದಕ್ಕೆ. ಬಿಡುವಾಗ ಎರಡೂ ಒಂದೇನಾ ಅಂತ ಮೊದಲು ನೋಡಿದ್ರೆ ಸಾಕು. ಇಲ್ಲಾ ಎರಡನೇ ಹೆಸರಿಗೆ ಬೇರೆ ಕೋಣೆ ತಗೊಂಡು ಅದರಲ್ಲಿ ನಕಲು ಇಡಬೇಕು. ಅದು ಇನ್ನೂ ಒಳ್ಳೇದು ಅನ್ಸತ್ತೆ. ಸರೀನಾ ಬು?"

ಪೂರ್ತಿ ಸರಿ. ನಾನು ಮಾಡಿದ್ದಕ್ಕಿಂತ ಸರಿ. ಇದು ಯಾವಾಗ ತಿಳಿಯಿತು ಎಂದು ಕೇಳಿದೆ.

"ನೀವು ಎದ್ದು ಹೋದ್ರಲ್ಲ ಬು, ಅವತ್ತೇ. ಕಾಗದದ ಮೇಲೆ ಬರೆದು ನೋಡಿದೆ."

ಗೊತ್ತಿದ್ದೂ ಯಾಕೆ ತಿದ್ದಲಿಲ್ಲ ಎಂದು ಬರೆದೆ. ಉತ್ತರ ಬಂತು:

"ತಿದ್ದಬೇಕಾ ಬೇಡ್ವಾ ಅಂತ ಒಂಬತ್ತು ದಿನ ಒಪ್ಪಿಸದೆ ಇಟ್ಕೊಂಡಿದ್ದೆ. ನೀವು ಬರೆದಿದ್ದನ್ನ ನಾನು ಅಳಿಸೋದು ಹೇಗೆ ಬು?"

ಎಂಬತ್ತನಾಲ್ಕು ಜನರಲ್ಲಿ ಆ ತಪ್ಪನ್ನು ಕಂಡವಳು ಅವಳೊಬ್ಬಳೇ. ಫೋನ್ ಪಕ್ಕಕ್ಕಿಟ್ಟು, ಅವಳು ಹೇಳಿದ ಎರಡು ಕೋಣೆಗಳನ್ನು ಕಾಗದದ ಮೇಲೆ ಚೌಕ ಎಳೆದು, ಬಾಣ ಹಾಕಿ ಬರೆದೆ. ಅವಳ ಪಾಳಿ ನಾಳೆ ಬೆಳಿಗ್ಗೆ ಆರಕ್ಕೆ ಶುರುವಂತೆ.